ಫ್ರೀಡ್ರಿಕ್ ಫಿಷರ್

ಭದ್ರಾ ನದಿಯ ದಡದ ಹೊಳೆಹೊನ್ನೂರಿನಲ್ಲಾಗಲಿ, ನಾಡಿನ ಬೇರಾವ ಊರಿನಲ್ಲಾಗಲಿ, ಸೈಕಲ್ ರಿಪೇರಿ ಅಂಗಡಿಯಲ್ಲಿ ಚಕ್ರವೊಂದನ್ನು ಬಿಚ್ಚಿದರೆ ಅದರ ನಡುವಣ ಹಬ್‌ನಿಂದ ಗ್ರೀಸು ಮೆತ್ತಿದ ಸಣ್ಣ ಸಣ್ಣ ಉಕ್ಕಿನ ಗುಂಡುಗಳು ಹೊರಬೀಳುತ್ತವೆ. ನಮ್ಮ ಸಾಮಾನ್ಯ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಒಂದೊಂದು ಬದಿಗೆ ಕಾಲು ಅಂಗುಲದ ಒಂಬತ್ತು ಗುಂಡುಗಳೂ, ಮುಂದಿನ ಚಕ್ರದಲ್ಲಿ ಅದಕ್ಕಿಂತ ಚಿಕ್ಕವಾದ ಹತ್ತು ಗುಂಡುಗಳೂ ಇರುವುದು ರೂಢಿ. ಸವಾರನ ಭಾರವೂ ಮೂಟೆಯ ಭಾರವೂ ಕೊನೆಗೆ ಬೀಳುವುದು ಇವುಗಳ ಮೇಲೆಯೇ. ಇವು ಬಡವನ ಕೈಗೂ ಎಟುಕುವಂತಾದುದು ಜರ್ಮನಿಯ ಒಬ್ಬ ಕುಶಲಕರ್ಮಿಯ ಪರಿಶ್ರಮದಿಂದ. ಆತನೇ ಫ್ರೀಡ್ರಿಕ್ ಫಿಷರ್.

ಫಿಷರನು 1849ರಲ್ಲಿ ಬವೇರಿಯಾ ಪ್ರಾಂತದ ಶ್ವೈನ್‌ಫರ್ಟ್ ಎಂಬ ಪಟ್ಟಣದಲ್ಲಿ ಜನಿಸಿದನು. ಅದೂ ಹೊಳೆಯ ದಡದ ಊರೇ. ಹರಿಯುವುದು ಮೈನ್ ನದಿ. ತಂದೆ ಫಿಲಿಪ್ ಮೋರಿಟ್ಸ್ ಆರ್ಗನ್ ಮೊದಲಾದ ವಾದ್ಯಗಳನ್ನು ತಯಾರಿಸುತ್ತಿದ್ದವನು. ಕಾಲಿನಿಂದ ನೆಲವನ್ನು ಒದ್ದು ಓಡಿಸುತ್ತಿದ್ದ ಅಂದಿನ ಎರಡು ಗಾಲಿಯ ಬಂಡಿಗೆ ಆತನು 1853ರ ಸುಮಾರಿಗೆ ಪೆಡಲನ್ನು ಜೋಡಿಸಿದನೆಂದು ಆ ಊರಿನವರು ಹೇಳುತ್ತಾರೆ. ಈ ಕಾಲನಿರ್ಣಯವನ್ನು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಹೇಗೂ ಮಗನು ಉಪಕರಣಗಳ ನಡುವೆ ಬೆಳೆದನೆಂಬುದರಲ್ಲಿ ಸಂಶಯವಿಲ್ಲ. 1872ರಲ್ಲಿ ಅವನು ತನ್ನದೇ ಒಂದು ಚಿಕ್ಕ ಕಾರ್ಯಾಗಾರವನ್ನು ತೆರೆದು, ಹೊಲಿಗೆ ಯಂತ್ರಗಳನ್ನೂ ಬಳಿಕ ಸೈಕಲ್ಲುಗಳನ್ನೂ ದುರಸ್ತಿ ಮಾಡತೊಡಗಿದನು.

ಚಕ್ರದಲ್ಲಿ ಗುಂಡುಗಳನ್ನು ಇರಿಸುವ ಉಪಾಯ ಫಿಷರನದಲ್ಲ. ಪ್ಯಾರಿಸಿನ ಜೂಲ್ ಸುರಿರೇ ಎಂಬಾತನು 1869ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದನು. ತೊಡಕಿದ್ದುದು ಗುಂಡುಗಳಲ್ಲಿಯೇ. ಅವುಗಳನ್ನು ಲೇತಿನಲ್ಲಿ ಒಂದೊಂದಾಗಿ ಕಡೆಯಬೇಕಾಗಿತ್ತು. ಜರ್ಮನಿಗೆ ಅವು ಇಂಗ್ಲೆಂಡಿನಿಂದ ಬರುತ್ತಿದ್ದವು; ಬೆಲೆಯೂ ಹೆಚ್ಚು. ಅಷ್ಟು ತೆತ್ತರೂ ಒಂದು ಗುಂಡು ಇನ್ನೊಂದರಂತೆ ಇರುತ್ತಿರಲಿಲ್ಲ. ಒಂಬತ್ತರಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಸಾಕು, ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಅದು ಬಿರಿಯುತ್ತದೆ, ಅದರ ಚೂರುಗಳು ಕಪ್ಪನ್ನೂ ಕೋನನ್ನೂ ತಿಂದುಹಾಕುತ್ತವೆ.

ಫಿಷರನು 1883ರಲ್ಲಿ, ಎಂದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾಗುವುದಕ್ಕೆ ನಲವತ್ತು ವರ್ಷ ಮೊದಲು, ಗುಂಡುಗಳನ್ನು ತೇಯುವ ಯಂತ್ರವೊಂದನ್ನು ರಚಿಸಿದನು. ಒಂದೊಂದನ್ನೇ ಹಿಡಿದು ದುಂಡಾಗಿಸುವ ಬದಲು, ಅನೇಕ ಗುಂಡುಗಳನ್ನು ಒಟ್ಟಿಗೆ ಸಾಣೆಗೆ ಒತ್ತಿ ಉರುಳಿಸುವುದೇ ಅದರ ಮರ್ಮ. ಗುಂಡು ಒಂದೇ ಮಗ್ಗುಲಿಗೆ ತಿರುಗದೆ ಎಲ್ಲ ಕಡೆಗೂ ಹೊರಳುವುದರಿಂದ ಅದರ ಉಬ್ಬುಗಳು ಮೊದಲು ಸವೆಯುತ್ತವೆ. ದೊಡ್ಡ ಗುಂಡಿನ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ಅದು ಬೇಗ ತೇದು ಚಿಕ್ಕವುಗಳ ಸಮಕ್ಕೆ ಬರುತ್ತದೆ. ಹೊಳೆಯ ನೀರೂ ಕಲ್ಲುಗಳನ್ನು ಉರುಳಿಸಿ ನುಣುಪುಗೊಳಿಸುತ್ತದೆ. ಆದರೆ ಯಾವ ಎರಡು ಕಲ್ಲುಗಳೂ ಒಂದೇ ಅಳತೆಗೆ ಬರುವುದಿಲ್ಲ. ಫಿಷರನ ಯಂತ್ರದಿಂದ ಹೊರಬಂದವು ಒಂದೇ ಅಚ್ಚಿನವೆಂಬಂತೆ ಇದ್ದವು.

ಅನುಭವವುಳ್ಳ ಸೈಕಲ್ ಕೆಲಸಗಾರನು ಒಂದು ಗುಂಡು ಒಡೆದಾಗ ಅದೊಂದನ್ನೇ ಬದಲಾಯಿಸುವುದಿಲ್ಲ. ಸವೆದ ಎಂಟರ ನಡುವೆ ಹೊಸತೊಂದನ್ನು ಸೇರಿಸಿದರೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಭಾರಕ್ಕೆ ಸಿಕ್ಕಿಕೊಳ್ಳುತ್ತದೆ. ಆತನು ಆ ಬದಿಯ ಎಲ್ಲವನ್ನೂ ತೆಗೆದು, ಒಂದೇ ಪೊಟ್ಟಣದ ಹೊಸ ಗುಂಡುಗಳನ್ನು ಹಾಕುತ್ತಾನೆ. ಅದಕ್ಕೂ ಮೊದಲು ಕೋನನ್ನು ಬೆಳಕಿಗೆ ಹಿಡಿದು, ಗುಂಡು ಉರುಳುವ ಜಾಡಿನಲ್ಲಿ ಗುಳಿ ಬಿದ್ದಿದೆಯೇ ಎಂದು ನೋಡುತ್ತಾನೆ. ಗುಳಿ ಬಿದ್ದ ಕೋನಿಗೆ ಎಂತಹ ಒಳ್ಳೆಯ ಗುಂಡು ಹಾಕಿದರೂ ವ್ಯರ್ಥ. ಫಿಷರನ ಹೆಸರನ್ನು ಆತನು ಕೇಳಿರಲಾರನು; ಆದರೆ ಅವನ ಶಾಸ್ತ್ರ ಆತನ ಬೆರಳುಗಳಿಗೆ ತಿಳಿದಿದೆ.

ಯಂತ್ರ ಕೈಗೂಡಿದ ಮಾತ್ರಕ್ಕೆ ಫಿಷರನ ಬಾಳು ನಿಶ್ಚಿಂತವಾಗಲಿಲ್ಲ. ಅವನ ಬಳಿ ಕೆಲಸಕ್ಕಿದ್ದ ವಿಲ್ಹೆಲ್ಮ್ ಹಾಪ್‌ಫ್ಲಿಂಗರ್ ಎಂಬ ಚತುರನು ಆ ಯಂತ್ರವನ್ನು ಮತ್ತಷ್ಟು ಸುಧಾರಿಸಿದನು. ಬಳಿಕ 1890ರಲ್ಲಿ ಎಂಗೆಲ್‌ಬರ್ಟ್ ಫ್ರೀಸ್ ಎಂಬಾತನೊಡನೆ ಕೂಡಿ ಅದೇ ಊರಿನಲ್ಲಿ ಪ್ರತಿಸ್ಪರ್ಧಿ ಕಾರ್ಖಾನೆಯನ್ನು ಹೂಡಿದನು. ಇದನ್ನು ದ್ರೋಹವೆನ್ನುವುದು ಸುಲಭ. ಆದರೆ ಈ ಪೈಪೋಟಿಯಿಂದಲೇ ಆ ಸಣ್ಣ ಪಟ್ಟಣವು ಬೇರಿಂಗುಗಳ ತವರಾಯಿತೆಂಬುದನ್ನೂ ಮರೆಯಲಾಗದು. ಫಿಷರನು ಎದೆಗುಂದದೆ 1896ರಲ್ಲಿ ರೈಲು ನಿಲ್ದಾಣದ ಬಳಿ ದೊಡ್ಡ ಕಾರ್ಖಾನೆಯನ್ನು ಕಟ್ಟಿಸಿ, ಮರುವರ್ಷ ಅದನ್ನು ಷೇರುದಾರರ ಕಂಪನಿಯಾಗಿ ಮಾರ್ಪಡಿಸಿದನು.

ಆದರೆ ಆಯುಷ್ಯ ಒದಗಲಿಲ್ಲ. 1899ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಒಡೆಯನಿಲ್ಲದ ಕಾರ್ಖಾನೆ ಕಷ್ಟಕ್ಕೆ ಸಿಲುಕಿತು. 1909ರಲ್ಲಿ ಅದೇ ಊರಿನ ಗಿಯೋರ್ಗ್ ಷೇಫರ್ ಎಂಬಾತನು ಅದನ್ನು ಕೊಂಡು ಮೇಲೆತ್ತಿದನು. ಹಳೆಯ ಹೆಸರನ್ನು ಮಾತ್ರ ಅಳಿಸಲಿಲ್ಲ. ಇಂದಿಗೂ ಯಂತ್ರಗಳ ಬೇರಿಂಗುಗಳ ಮೇಲೆ ಎಫ್.ಎ.ಜಿ. ಎಂಬ ಮೂರು ಅಕ್ಷರಗಳು ಕಾಣುವುದುಂಟು. ಅವುಗಳಲ್ಲಿ ಮೊದಲನೆಯದು ಫಿಷರನದು.