ಮೂರು ಟ್ರಾಮ್ ಹತ್ತಿ ಆಟಕ್ಕೆ

ಕಳೆದ ತಿಂಗಳು ನೇಮಕಾತಿ ಪರೀಕ್ಷೆಯ ಕಟ್‌ಆಫ್ ಬಂದಾಗ ನಾನು ಒಂದೇ ಒಂದು ಅಂಕದಿಂದ ಹೊರಗಿದ್ದೆ. ಹತ್ತು ಅಂಕ ಕಡಿಮೆ ಬಿದ್ದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಸುಮ್ಮನೆ ಕ್ರೀಡಾ ಪುಸ್ತಕಗಳನ್ನು ತಿರುವುವಾಗ ಸಿಕ್ಕವನು ಫ್ರಾನ್ಸಿಸ್ ವೀಮೆಟ್. ಗಾಲ್ಫ್ ಎಂದರೆ ಉಳ್ಳವರ ಆಟ ಎಂದುಕೊಂಡಿದ್ದ ನನಗೆ, ಅವನು ತೋಟದ ಮಾಲಿಯ ಮಗ ಎಂದು ತಿಳಿದು ಅಲ್ಲೇ ಕೂತುಬಿಟ್ಟೆ.

ಹುಟ್ಟಿದ್ದು 1893ರಲ್ಲಿ, ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ. ಮನೆಯೆದುರು ರಸ್ತೆ, ರಸ್ತೆಯಾಚೆ ‘ದ ಕಂಟ್ರಿ ಕ್ಲಬ್’ನ ಮೈದಾನ. ಹುಡುಗ ಅಲ್ಲಿ ಕ್ಯಾಡಿಯಾದ, ಅಂದರೆ ಆಡುವವರ ಚೀಲ ಹೊರುವವನು. ಚೀಲ ಹೊರಬಹುದು, ಆಡುವಂತಿಲ್ಲ. ಬೆಳಗಿನ ಜಾವ ಕದ್ದು ಆಡಿದರೆ ಕಾವಲಿನವರು ಓಡಿಸುತ್ತಿದ್ದರು. ಅಣ್ಣನ ಜೊತೆ ಮನೆಯ ಹಿಂದಿನ ಹುಲ್ಲುಗಾವಲಿನಲ್ಲೇ ಮೂರು ಗುಂಡಿ ಮಾಡಿಕೊಂಡ.

ಆದರೆ ನಿಜವಾದ ಮೈದಾನ ಬೇಕಲ್ಲ? ಅದಿದ್ದದ್ದು ಬಾಸ್ಟನ್ನಿನ ಫ್ರಾಂಕ್ಲಿನ್ ಪಾರ್ಕ್‌ನಲ್ಲಿ. ಸದಸ್ಯತ್ವ ಕೇಳದ ಸಾರ್ವಜನಿಕ ಮೈದಾನ, 1896ರದ್ದು, ಆಗ ಒಂಬತ್ತೇ ಗುಂಡಿ. ಶನಿವಾರ ಗೆಳೆಯರ ಜೊತೆ ಕೋಲುಗಳನ್ನು ಹೊತ್ತು ಒಂದೂವರೆ ಮೈಲಿ ನಡೆಯಬೇಕು. ಆಮೇಲೆ ಒಂದು ಟ್ರಾಮ್, ಬದಲಿಸಿ ಇನ್ನೊಂದು, ಮತ್ತೆ ಬದಲಿಸಿ ಮೂರನೆಯದು. ಇಳಿದ ಮೇಲೂ ನಡಿಗೆ. ಅಲ್ಲಿಯದು ಸಪಾಟು ನೆಲವಲ್ಲ, ಬಂಡೆ ಗುಡ್ಡಗಳ ನಡುವಿನ ಏರಿಳಿತ. ಪಕ್ಕದ ಒಂದು ಗುಡ್ಡದ ಹೆಸರೇ ‘ಸ್ಕೂಲ್‌ಮಾಸ್ಟರ್ ಹಿಲ್’. ಲೇಖಕ ಎಮರ್ಸನ್ ಮೇಷ್ಟ್ರಾಗಿದ್ದಾಗ ಅಲ್ಲಿ ವಾಸವಿದ್ದನಂತೆ. ಇಂಥ ನೆಲದಲ್ಲಿ ಕಾಲು ಎಲ್ಲಿ ಊರಿದ್ದೀರಿ ಎನ್ನುವುದೇ ಹೊಡೆತವನ್ನು ಬದಲಿಸುತ್ತದೆ. ಏರಿನಲ್ಲಿ ಹೊಡೆದರೆ ಚೆಂಡು ಮೇಲಕ್ಕೆ ಹಾರಿ ಬೇಗ ಬೀಳುತ್ತದೆ; ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಬಲಗೈಯವರ ಹೊಡೆತ ಎಡಕ್ಕೆ ಸರಿಯುತ್ತದೆ. ಆ ಹುಡುಗರು ಅಲ್ಲಿ ಒಂದಲ್ಲ, ಆರು ಸುತ್ತು ಆಡುತ್ತಿದ್ದರು. ಒಂದೇ ದಿನ 54 ಗುಂಡಿ! ಮತ್ತೆ ಅದೇ ಮೂರು ಟ್ರಾಮ್, ಅದೇ ನಡಿಗೆ. ವಯಸ್ಸು ಹದಿಮೂರರ ಆಸುಪಾಸು.

ಓದು ಅರ್ಧಕ್ಕೇ ನಿಂತಿತು, ದುಡಿಯಬೇಕಿತ್ತು. ರಾಷ್ಟ್ರೀಯ ಅಮೆಚೂರ್ ಸ್ಪರ್ಧೆಗೆ ಯಾವುದಾದರೂ ಕ್ಲಬ್ಬಿನ ಸದಸ್ಯತ್ವ ಕಡ್ಡಾಯ. ಅಮ್ಮನಿಂದ 25 ಡಾಲರ್ ಸಾಲ ಪಡೆದು ಸೇರಿದ. 1910ರಲ್ಲಿ ಅರ್ಹತಾ ಸುತ್ತಿನಲ್ಲಿ ಒಂದೇ ಹೊಡೆತದಿಂದ ಹೊರಬಿದ್ದ. 1911ರಲ್ಲೂ ಒಂದೇ ಹೊಡೆತ. 1912ರಲ್ಲೂ! ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿಬಂದೆ.

1913ರ ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ನಡೆದದ್ದು ಅವನ ಮನೆಯೆದುರಿನ ಅದೇ ಕ್ಲಬ್ಬಿನಲ್ಲಿ. ಆಗ ಅವನು ಕ್ರೀಡಾ ಸಾಮಗ್ರಿ ಅಂಗಡಿಯೊಂದರ ನೌಕರ, ವಯಸ್ಸು 20. ಚೀಲ ಹೊತ್ತವನು ಹತ್ತು ವರ್ಷದ ಎಡ್ಡಿ ಲೌರಿ. ಎದುರಾಳಿಗಳು ಇಂಗ್ಲೆಂಡಿನ ಹ್ಯಾರಿ ವಾರ್ಡನ್, ಟೆಡ್ ರೇ ಎಂಬ ದಿಗ್ಗಜರು. ನಾಲ್ಕು ಸುತ್ತು ಮುಗಿದಾಗ ಮೂವರೂ 304 ಹೊಡೆತಗಳಲ್ಲಿ ಸಮ. ಮರುದಿನದ ನಿರ್ಣಾಯಕ ಸುತ್ತಿನಲ್ಲಿ ವೀಮೆಟ್ 72, ವಾರ್ಡನ್ 77, ರೇ 78. ಯುಎಸ್ ಓಪನ್ ಗೆದ್ದ ಮೊದಲ ಅಮೆಚೂರ್ ಅವನೇ.

ಹೆಚ್ಚಿನವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನದೂ ಕಾಡಿತು. 1914ರಲ್ಲಿ ಅಮೆಚೂರ್ ಪ್ರಶಸ್ತಿಯನ್ನೂ ಗೆದ್ದ. ಕ್ರೀಡಾ ಸಾಮಗ್ರಿಯ ವ್ಯಾಪಾರ ಮಾಡುತ್ತಾನೆ ಎಂಬ ಕಾರಣಕ್ಕೆ 1916ರಲ್ಲಿ ಅವನ ಅಮೆಚೂರ್ ಮಾನ್ಯತೆಯನ್ನೇ ಕಿತ್ತುಕೊಂಡರು. ಹೊಟ್ಟೆಪಾಡೇ ತಪ್ಪಾಯಿತು! 1918ರಲ್ಲಿ ಮಾನ್ಯತೆ ಮರಳಿತು. ಅದೇ ಪ್ರಶಸ್ತಿ ಮತ್ತೆ ಕೈಗೆ ಬರಲು 1931 ಬರಬೇಕಾಯಿತು, 17 ವರ್ಷ.

1949ರಲ್ಲಿ ಅವನ ಹೆಸರಿನಲ್ಲಿ ಕ್ಯಾಡಿ ಹುಡುಗರ ಕಾಲೇಜು ಓದಿಗೆ ನಿಧಿಯೊಂದು ಶುರುವಾಯಿತು, ಇಂದಿಗೂ ನಡೆಯುತ್ತಿದೆ. ಅವನು ತೀರಿಕೊಂಡದ್ದು 1967ರಲ್ಲಿ. ಫ್ರಾಂಕ್ಲಿನ್ ಪಾರ್ಕ್ ಈಗಲೂ ಸಾರ್ವಜನಿಕ ಮೈದಾನವೇ, ಗುಂಡಿಗಳು ಮಾತ್ರ 18 ಆಗಿವೆ.

ನಿನ್ನೆ ಹೊಸ ಅಧಿಸೂಚನೆ ಬಂತು. ಅರ್ಜಿ ಶುಲ್ಕಕ್ಕೆ ಅಮ್ಮನ ಹತ್ತಿರ ಕೇಳಿದ್ದೇನೆ, ಸಾಲ ಅಂತಲೇ.