ಫೌಸ್ಟೊ ಕೊಪ್ಪಿ

ಆಂಜೆಲೊ ಫೌಸ್ಟೊ ಕೊಪ್ಪಿ (ಸೆಪ್ಟೆಂಬರ್ ೧೫, ೧೯೧೯ – ಜನವರಿ ೨, ೧೯೬೦) ಇಟಲಿ ದೇಶದ ವೃತ್ತಿಪರ ಸೈಕಲ್ ಪಟು. ಬೆಟ್ಟಸಾಲುಗಳನ್ನು ಹಾದುಹೋಗುವ ಬಹುಹಂತದ ರಸ್ತೆ ಸೈಕಲ್ ಸ್ಪರ್ಧೆಗಳ ಇತಿಹಾಸದಲ್ಲಿ ಇವರ ಹೆಸರು ಅಗ್ರಪಂಕ್ತಿಯಲ್ಲಿದೆ. ಇಟಲಿಯ 'ಜೀರೊ ಡಿ ಇಟಾಲಿಯಾ' ಸ್ಪರ್ಧೆಯನ್ನು ಐದು ಬಾರಿ (೧೯೪೦, ೧೯೪೭, ೧೯೪೯, ೧೯೫೨, ೧೯೫೩) ಹಾಗೂ ಫ್ರಾನ್ಸಿನ 'ಟೂರ್ ಡಿ ಫ್ರಾನ್ಸ್' ಸ್ಪರ್ಧೆಯನ್ನು ಎರಡು ಬಾರಿ (೧೯೪೯, ೧೯೫೨) ಗೆದ್ದರು. ಈ ಎರಡೂ ಸ್ಪರ್ಧೆಗಳನ್ನು ಒಂದೇ ವರ್ಷದಲ್ಲಿ ಗೆದ್ದ ಮೊದಲಿಗರು ಇವರೇ. ಇಟಲಿಯ ಜನರು ಇವರನ್ನು 'ಕಂಪಿಯೊನಿಸ್ಸಿಮೊ', ಅಂದರೆ ವಿಜೇತರಲ್ಲೆಲ್ಲ ಶ್ರೇಷ್ಠ ವಿಜೇತ, ಎಂದು ಕರೆಯುತ್ತಿದ್ದರು. ನಲವತ್ತನೆಯ ವಯಸ್ಸಿನಲ್ಲಿ ಮಲೇರಿಯಾ ಜ್ವರದಿಂದ ನಿಧನರಾದರು.

ಜನನ ಮತ್ತು ಬಾಲ್ಯ

ಕೊಪ್ಪಿಯವರು ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಅಲೆಸ್ಸಾಂಡ್ರಿಯಾ ಜಿಲ್ಲೆಗೆ ಸೇರಿದ ಕಸ್ತೆಲ್ಲಾನಿಯಾ ಎಂಬ ಗುಡ್ಡದ ಮೇಲಿನ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ತಂದೆ ದೊಮೆನಿಕೊ ಕೊಪ್ಪಿ, ತಾಯಿ ಆಂಜೊಲಿನಾ ಬೊವೇರಿ. ಐವರು ಮಕ್ಕಳಲ್ಲಿ ಇವರು ನಾಲ್ಕನೆಯವರು. ಒಕ್ಕಲುತನವೇ ಮನೆತನದ ಜೀವನಾಧಾರವಾಗಿತ್ತು. ಬಾಲ್ಯದಲ್ಲಿ ಕೃಶಕಾಯರಾಗಿದ್ದ ಇವರಿಗೆ ಶಾಲೆಯಲ್ಲಿ ಹೆಚ್ಚಿನ ಆಸಕ್ತಿ ಇರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಸಮೀಪದ ನೋವಿ ಲಿಗುರೆ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಗಿರಾಕಿಗಳ ಮನೆಗಳಿಗೆ ಸೈಕಲ್ ಮೇಲೆ ಸಾಮಾನು ತಲುಪಿಸುವುದು ಇವರ ಕೆಲಸ. ಏರುತಗ್ಗಿನ ದಾರಿಯಲ್ಲಿ ನಿತ್ಯವೂ ಸೈಕಲ್ ತುಳಿದದ್ದೇ ಇವರ ಮೊದಲ ಅಭ್ಯಾಸವಾಯಿತು. ಹಡಗಿನ ಅಧಿಕಾರಿಯಾಗಿದ್ದ, ಫೌಸ್ಟೊ ಎಂದೇ ಹೆಸರಿದ್ದ ಚಿಕ್ಕಪ್ಪನವರು ಒಳ್ಳೆಯ ಸೈಕಲ್ ಕೊಳ್ಳಲು ಹಣ ಕೊಟ್ಟು ಪ್ರೋತ್ಸಾಹಿಸಿದರು.

ಗುರು ಕವಾನ್ನಾ

ನೋವಿ ಲಿಗುರೆಯಲ್ಲಿ ಬಿಯಾಜೊ ಕವಾನ್ನಾ ಎಂಬ ಅಂಗಮರ್ದನಕಾರರಿದ್ದರು. ಕಣ್ಣು ಕಾಣದ ಅವರು ಸೈಕಲ್ ಪಟುಗಳ ಸ್ನಾಯುಗಳನ್ನು ಕೈಯಿಂದ ಮುಟ್ಟಿ ನೋಡಿಯೇ ಅವರ ಶಕ್ತಿಯನ್ನು ಅಳೆಯುವುದಕ್ಕೆ ಹೆಸರಾಗಿದ್ದರು. ತರುಣ ಕೊಪ್ಪಿಯ ಸಾಮರ್ಥ್ಯವನ್ನು ಮೊದಲು ಗುರುತಿಸಿದವರಲ್ಲಿ ಅವರೂ ಒಬ್ಬರು. ಆಹಾರ, ನಿದ್ರೆ, ಅಭ್ಯಾಸಗಳನ್ನು ಅವರು ಕಟ್ಟುನಿಟ್ಟಾಗಿ ನಿಯಂತ್ರಿಸಿದರು. ಉದ್ದನೆಯ ಕಾಲು, ವಿಶಾಲವಾದ ಎದೆಗೂಡು, ವಿಶ್ರಾಂತಿಯಲ್ಲಿ ಬಹಳ ನಿಧಾನವಾಗಿ ಬಡಿಯುವ ಹೃದಯ ಇವು ಕೊಪ್ಪಿಯವರ ದೇಹದ ವೈಶಿಷ್ಟ್ಯಗಳಾಗಿದ್ದವು. ನೆಲದ ಮೇಲೆ ನಡೆಯುವಾಗ ಬಡಕಲಾಗಿ ಕಾಣುತ್ತಿದ್ದ ಅವರು ಸೈಕಲ್ ಏರಿದೊಡನೆ ಬೇರೊಬ್ಬ ವ್ಯಕ್ತಿಯೇ ಆಗುತ್ತಿದ್ದರು. ಈ ಗುರುಶಿಷ್ಯ ಸಂಬಂಧ ಕೊನೆಯವರೆಗೂ ಉಳಿಯಿತು.

ಬಹುಹಂತದ ಸ್ಪರ್ಧೆಯ ಸ್ವರೂಪ

ಕೊಪ್ಪಿಯವರ ಸಾಧನೆಯನ್ನು ತಿಳಿಯಲು ಈ ಸ್ಪರ್ಧೆಗಳ ರೀತಿಯನ್ನು ಅರಿಯುವುದು ಅಗತ್ಯ. ಜೀರೊ ಮತ್ತು ಟೂರ್ ಸ್ಪರ್ಧೆಗಳು ಸುಮಾರು ಮೂರು ವಾರ ನಡೆಯುತ್ತವೆ. ಪ್ರತಿದಿನ ಒಂದು ಊರಿನಿಂದ ಮತ್ತೊಂದು ಊರಿಗೆ ಒಂದು ಹಂತ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರ ಒಟ್ಟು ಸಮಯ ಅತಿ ಕಡಿಮೆಯೋ ಅವರೇ ವಿಜೇತರು. ಮುನ್ನಡೆಯಲ್ಲಿರುವ ಸವಾರನು ಜೀರೊದಲ್ಲಿ ಗುಲಾಬಿ ಬಣ್ಣದ ಅಂಗಿಯನ್ನೂ ಟೂರ್‌ನಲ್ಲಿ ಹಳದಿ ಅಂಗಿಯನ್ನೂ ಧರಿಸುತ್ತಾನೆ. ಇವು ಆ ಸ್ಪರ್ಧೆಗಳನ್ನು ಆರಂಭಿಸಿದ ಪತ್ರಿಕೆಗಳ ಕಾಗದದ ಬಣ್ಣಗಳು.

ಸಮತಟ್ಟಾದ ರಸ್ತೆಯಲ್ಲಿ ಗಾಳಿಯ ತಡೆಯೇ ದೊಡ್ಡ ಶತ್ರು. ಇನ್ನೊಬ್ಬರ ಬೆನ್ನ ಹಿಂದೆ ಸಾಗುವವನಿಗೆ ಶ್ರಮ ಬಹಳ ಕಡಿಮೆಯಾಗುವುದರಿಂದ ಸವಾರರು ಗುಂಪಾಗಿಯೇ ಸಾಗುತ್ತಾರೆ; ಅಲ್ಲಿ ಅಂತರ ಹೆಚ್ಚುವುದಿಲ್ಲ. ಘಟ್ಟ ಏರುವಾಗ ವೇಗ ತಗ್ಗುತ್ತದೆ, ಗುಂಪಿನ ಆಸರೆಯ ಪ್ರಯೋಜನ ಬಹಳ ಕಡಿಮೆಯಾಗುತ್ತದೆ, ತನ್ನ ತೂಕವನ್ನು ತಾನೇ ಮೇಲೆತ್ತಬೇಕಾಗುತ್ತದೆ. ಆದ್ದರಿಂದ ಇಂಥ ಸ್ಪರ್ಧೆಗಳ ಸೋಲುಗೆಲವು ಬಹುಮಟ್ಟಿಗೆ ಬೆಟ್ಟಗಳ ಮೇಲೆಯೇ ನಿರ್ಧಾರವಾಗುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರ್. ಕೊಪ್ಪಿಯವರು ಸೈಕಲ್ ಮೇಲೆ ದಾಟಿದ ಸ್ತೆಲ್ವಿಯೊ ಕಣಿವೆದಾರಿಯ ಎತ್ತರ ೨,೭೫೮ ಮೀಟರ್.

ಪ್ರತಿ ತಂಡದಲ್ಲಿ ನಾಯಕನಿಗಾಗಿ ದುಡಿಯುವ ಸಹಾಯಕ ಸವಾರರು ಇರುತ್ತಾರೆ. ಇಟಲಿಯಲ್ಲಿ ಇವರಿಗೆ 'ಗ್ರೆಗಾರಿಯೊ' ಎಂದು ಹೆಸರು. ನೀರು ತರುವುದು, ಗಾಳಿಗೆ ಅಡ್ಡಲಾಗಿ ಮುಂದೆ ಸಾಗುವುದು, ನಾಯಕನ ಚಕ್ರ ಪಂಚರ್ ಆದರೆ ತನ್ನದನ್ನು ಬಿಚ್ಚಿಕೊಡುವುದು ಇವರ ಕರ್ತವ್ಯ.

ಮೊದಲ ಜಯ ಮತ್ತು ಯುದ್ಧಕಾಲ

೧೯೪೦ರಲ್ಲಿ ಕೊಪ್ಪಿಯವರು ಲೆನ್ಯಾನೊ ತಂಡಕ್ಕೆ ಗ್ರೆಗಾರಿಯೊ ಆಗಿ ಸೇರಿದರು. ತಂಡದ ನಾಯಕರು ಆಗಲೇ ಪ್ರಸಿದ್ಧರಾಗಿದ್ದ ಜೀನೊ ಬರ್ತಾಲಿ. ಆ ವರ್ಷದ ಜೀರೊದ ಎರಡನೆಯ ಹಂತದಲ್ಲಿಯೇ ನಾಯಿಯೊಂದು ಅಡ್ಡಬಂದು ಬರ್ತಾಲಿ ಬಿದ್ದು ಗಾಯಗೊಂಡರು. ಫ್ಲಾರೆನ್ಸ್‌ನಿಂದ ಮೊದೆನಾಕ್ಕೆ ಸಾಗುವ ಹಂತದಲ್ಲಿ, ಅಬೆತೊನೆ ಘಟ್ಟದ ಮಳೆಚಳಿಯ ನಡುವೆ, ಕೊಪ್ಪಿ ಒಬ್ಬರೇ ಮುಂದೆ ಸಾಗಿ ಗುಲಾಬಿ ಅಂಗಿಯನ್ನು ಗಳಿಸಿದರು. ಅನಂತರ ನಾಯಕನೇ ಸಹಾಯಕನಿಗಾಗಿ ದುಡಿಯಬೇಕಾದ ಪ್ರಸಂಗ ಬಂತು. ಇಪ್ಪತ್ತರ ವಯಸ್ಸಿನಲ್ಲಿ ಜೀರೊ ಗೆದ್ದ ಕೊಪ್ಪಿ ಇಂದಿಗೂ ಆ ಸ್ಪರ್ಧೆಯ ಅತಿ ಕಿರಿಯ ವಿಜೇತರು. ಸ್ಪರ್ಧೆ ಮುಗಿದದ್ದು ಜೂನ್ ೯ರಂದು. ಮರುದಿನವೇ ಇಟಲಿ ಎರಡನೆಯ ಮಹಾಯುದ್ಧಕ್ಕೆ ಧುಮುಕಿತು.

ಮಿಲಾನ್ ನಗರದ ಮೇಲೆ ಬಾಂಬ್ ದಾಳಿಗಳು ನಡೆಯುತ್ತಿದ್ದ ದಿನಗಳಲ್ಲಿ, ೧೯೪೨ರ ನವೆಂಬರ್ ೭ರಂದು, ಅಲ್ಲಿನ ವಿಗೊರೆಲ್ಲಿ ಕ್ರೀಡಾಂಗಣದಲ್ಲಿ ಕೊಪ್ಪಿಯವರು ಒಂದು ಗಂಟೆಯಲ್ಲಿ ೪೫.೭೯೮ ಕಿಲೋಮೀಟರ್ ಕ್ರಮಿಸಿ ವಿಶ್ವದಾಖಲೆ ನಿರ್ಮಿಸಿದರು. ೧೯೫೬ರಲ್ಲಿ ಫ್ರಾನ್ಸಿನ ಜಾಕ್ ಆಂಕೆತಿಲ್ ಅದನ್ನು ಮುರಿಯುವವರೆಗೆ ದಾಖಲೆ ಉಳಿಯಿತು. ೧೯೪೩ರಲ್ಲಿ ಸೈನಿಕರಾಗಿ ಉತ್ತರ ಆಫ್ರಿಕಾಕ್ಕೆ ಹೋಗಬೇಕಾಯಿತು. ಏಪ್ರಿಲ್ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೆರೆಸಿಕ್ಕು ಯುದ್ಧಕೈದಿಗಳ ಶಿಬಿರ ಸೇರಿದರು. ೧೯೪೫ರಲ್ಲಿ ಅವರನ್ನು ಇಟಲಿಗೆ ಕರೆತರಲಾಯಿತು. ಸೈಕಲ್ ಪಟುವಿನ ಪ್ರಾಯದ ಅತ್ಯುತ್ತಮ ವರ್ಷಗಳು ಹೀಗೆ ಯುದ್ಧದಲ್ಲಿ ಕಳೆದುಹೋದವು. ಅದೇ ವರ್ಷ ಬ್ರೂನಾ ಚಂಪೊಲಿನಿ ಅವರನ್ನು ವಿವಾಹವಾದರು. ೧೯೪೭ರಲ್ಲಿ ಮಗಳು ಮರೀನಾ ಜನಿಸಿದಳು.

ಪುನರಾಗಮನ

ಯುದ್ಧಾನಂತರ ಕೊಪ್ಪಿಯವರು ಬಿಯಾಂಕಿ ತಂಡ ಸೇರಿದರು. ೧೯೪೬ರ ಮಾರ್ಚ್ ೧೯ರಂದು ನಡೆದ ಮಿಲಾನ್–ಸಾನ್ ರೆಮೊ ಸ್ಪರ್ಧೆಯಲ್ಲಿ ಆರಂಭದಲ್ಲಿಯೇ ಕೆಲವರೊಡನೆ ಗುಂಪಿನಿಂದ ಬೇರ್ಪಟ್ಟು, ತುರ್ಕಿನೊ ಏರಿನಲ್ಲಿ ಅವರನ್ನೂ ಹಿಂದಿಕ್ಕಿ, ಎರಡನೆಯವರಿಗಿಂತ ೧೪ ನಿಮಿಷ ಮೊದಲು ಗುರಿ ಮುಟ್ಟಿದರು. ರಸ್ತೆ, ಸೇತುವೆ, ಮನೆಗಳು ಹಾಳಾಗಿದ್ದ ದೇಶಕ್ಕೆ ಈ ಜಯ ಹೊಸ ಉತ್ಸಾಹವನ್ನು ತಂದಿತು.

ಬರ್ತಾಲಿಯೊಂದಿಗೆ ಸ್ಪರ್ಧೆ

ಬರ್ತಾಲಿ ಮತ್ತು ಕೊಪ್ಪಿಯವರ ಪೈಪೋಟಿ ಇಟಲಿಯನ್ನೇ ಎರಡು ಪಂಗಡಗಳಾಗಿ ವಿಭಾಗಿಸಿತ್ತು. ದೈವಭಕ್ತ ಕ್ಯಾಥೊಲಿಕರಾಗಿದ್ದ ಬರ್ತಾಲಿಯನ್ನು ಸಂಪ್ರದಾಯಸ್ಥರು ಮೆಚ್ಚಿದರೆ, ಕೊಪ್ಪಿಯನ್ನು ಹೊಸ ಕಾಲದ ಪ್ರತಿನಿಧಿಯೆಂದು ಇತರರು ಬಗೆದರು. ೧೯೪೮ರ ವಿಶ್ವಚಾಂಪಿಯನ್‌ಶಿಪ್‌ನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಲೇ ಉಳಿದು ಕೊನೆಗೆ ಸ್ಪರ್ಧೆಯನ್ನೇ ತೊರೆದರು. ಇದಕ್ಕಾಗಿ ಇಟಲಿಯ ಸೈಕಲ್ ಒಕ್ಕೂಟವು ಇಬ್ಬರನ್ನೂ ಅಮಾನತುಗೊಳಿಸಿತು.

೧೯೪೯ರ ಜೂನ್ ೧೦ರಂದು ಜೀರೊದ ಕುನೆಯೊ–ಪಿನೆರೊಲೊ ಹಂತ ನಡೆಯಿತು. ಒಟ್ಟು ದೂರ ೨೫೪ ಕಿಲೋಮೀಟರ್. ದಾರಿಯಲ್ಲಿ ಮದ್ದಲೆನಾ, ವಾರ್ಸ್, ಇಜೊಆರ್, ಮೊಂಜೆನೆವ್ರ್, ಸೆಸ್ತ್ರಿಯೆರೆ ಎಂಬ ಐದು ಆಲ್ಪ್ಸ್ ಕಣಿವೆದಾರಿಗಳು. ಮೊದಲ ಏರಿನಲ್ಲಿಯೇ ಮುನ್ನುಗ್ಗಿದ ಕೊಪ್ಪಿ ಸುಮಾರು ೧೯೨ ಕಿಲೋಮೀಟರ್ ದೂರವನ್ನು ಒಂಟಿಯಾಗಿ ಕ್ರಮಿಸಿದರು. ಎರಡನೆಯವರಾಗಿ ಬಂದ ಬರ್ತಾಲಿ ೧೧ ನಿಮಿಷ ೫೨ ಸೆಕೆಂಡು ಹಿಂದಿದ್ದರು. ಇಟಲಿಯ ಪ್ರಸಿದ್ಧ ಲೇಖಕ ದೀನೊ ಬುಜ್ಜಾತಿ ಆ ವರ್ಷದ ಜೀರೊವನ್ನು 'ಕೊರ್ರಿಯೆರೆ ದೆಲ್ಲಾ ಸೆರಾ' ಪತ್ರಿಕೆಗಾಗಿ ವರದಿ ಮಾಡಿದ್ದರು.

ಕೆಲವೇ ವಾರಗಳ ಅನಂತರ ಟೂರ್ ಡಿ ಫ್ರಾನ್ಸ್ ಆರಂಭವಾಯಿತು. ಆಗ ಟೂರ್‌ನಲ್ಲಿ ರಾಷ್ಟ್ರೀಯ ತಂಡಗಳು ಭಾಗವಹಿಸುತ್ತಿದ್ದುದರಿಂದ ಇಬ್ಬರೂ ಆಲ್ಫ್ರೆದೊ ಬಿಂದಾ ಅವರ ಮಾರ್ಗದರ್ಶನದಲ್ಲಿ ಒಂದೇ ತಂಡದಲ್ಲಿದ್ದರು. ಆರಂಭದ ಹಂತವೊಂದರಲ್ಲಿ ಕೊಪ್ಪಿ ಬಿದ್ದು ಸೈಕಲ್ ಮುರಿಯಿತು. ಮನಸ್ಸು ಕುಗ್ಗಿ ಸ್ಪರ್ಧೆ ಬಿಡಲು ಹೊರಟ ಅವರನ್ನು ಬಿಂದಾ ಒಲಿಸಿ ಉಳಿಸಿಕೊಂಡರು. ಮುಂದಾಳುವಿಗಿಂತ ಅರ್ಧ ಗಂಟೆಗೂ ಹೆಚ್ಚು ಹಿಂದಿದ್ದ ಕೊಪ್ಪಿ ಬೆಟ್ಟಗಳಲ್ಲಿ ಆ ಅಂತರವನ್ನೆಲ್ಲ ಅಳಿಸಿಹಾಕಿದರು. ಬ್ರಿಯಾನ್ಸೋನ್ ಊರಿನ ಹಂತದ ದಿನ ಬರ್ತಾಲಿಯವರ ೩೫ನೆಯ ಜನ್ಮದಿನ. ಅಂದಿನ ಜಯವನ್ನು ಕೊಪ್ಪಿ ಅವರಿಗೇ ಬಿಟ್ಟುಕೊಟ್ಟರು. ಮರುದಿನ ಬರ್ತಾಲಿ ದಾರಿಯಲ್ಲಿ ಹಿಂದುಳಿಯಲು ಕೊಪ್ಪಿ ಮುಂದೆ ಸಾಗಿ ಹಳದಿ ಅಂಗಿಯನ್ನು ಪಡೆದರು ಮತ್ತು ಅದನ್ನು ಪ್ಯಾರಿಸ್‌ವರೆಗೆ ಉಳಿಸಿಕೊಂಡರು.

ತಮ್ಮನ ಮರಣ ಮತ್ತು ೧೯೫೨ರ ಜಯ

ಕೊಪ್ಪಿಯವರ ತಮ್ಮ ಸೆರ್ಸೆ ಕೊಪ್ಪಿಯೂ ಸೈಕಲ್ ಪಟು. ೧೯೪೯ರ ಪ್ಯಾರಿಸ್–ರೂಬೆ ಸ್ಪರ್ಧೆಯ ಪ್ರಶಸ್ತಿಯನ್ನು ಫ್ರಾನ್ಸಿನ ಆಂದ್ರೆ ಮಾಯೆಯೊಂದಿಗೆ ಹಂಚಿಕೊಂಡಿದ್ದರು. ೧೯೫೧ರ ಜೂನ್ ೨೯ರಂದು ತೊರಿನೊ ನಗರದಲ್ಲಿ ಟ್ರಾಮ್ ಹಳಿಗೆ ಚಕ್ರ ಸಿಕ್ಕಿ ಬಿದ್ದ ಸೆರ್ಸೆ, ಎದ್ದು ಸ್ಪರ್ಧೆ ಪೂರೈಸಿದರೂ, ಅದೇ ದಿನ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆರಂಭವಾದ ಟೂರ್‌ನಲ್ಲಿ ಅಣ್ಣ ಪಾಲ್ಗೊಂಡರಾದರೂ ದುಃಖದಿಂದ ಜರ್ಝರಿತರಾಗಿ ಹತ್ತನೆಯ ಸ್ಥಾನಕ್ಕೆ ಇಳಿದರು.

ಮರುವರ್ಷ ಅವರು ಜೀರೊ ಮತ್ತು ಟೂರ್ ಎರಡನ್ನೂ ಮತ್ತೆ ಗೆದ್ದರು. ಆ ಟೂರ್‌ನ ಒಂದು ಹಂತದಲ್ಲಿ ಅವರ ಗ್ರೆಗಾರಿಯೊ ಆಂದ್ರೆಯಾ ಕರ್ರೆಯಾ ಅನಿರೀಕ್ಷಿತವಾಗಿ ಹಳದಿ ಅಂಗಿ ಪಡೆದರು. ನಾಯಕನಿಗೆ ಅಪಚಾರವಾಯಿತೆಂದು ಅವರು ಕಣ್ಣೀರಿಟ್ಟು ಕ್ಷಮೆ ಬೇಡಿದರು; ಕೊಪ್ಪಿ ಅವರನ್ನು ಅಭಿನಂದಿಸಿ ಸಮಾಧಾನಪಡಿಸಿದರು. ಮುಂದಿನ ಹಂತ ಆಲ್ಪ್ ದ್ಯುಎಜ್ ಬೆಟ್ಟದ ಮೇಲೆ ಮುಗಿಯುವಂಥದು. ೨೧ ತಿರುವುಗಳ ಆ ಏರು ಟೂರ್‌ನಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ಜಾಕ್‌ ಅಲ್ಲ, ಜಾನ್ ರೊಬಿಕ್ ಎಂಬ ಫ್ರೆಂಚ್ ಸವಾರರನ್ನು ಹಿಂದಿಕ್ಕಿ ಕೊಪ್ಪಿ ಅಲ್ಲಿ ಜಯಗಳಿಸಿದರು. ಒಟ್ಟು ಅಂತರ ೨೮ ನಿಮಿಷ ೧೭ ಸೆಕೆಂಡುಗಳಿಗೆ ಬೆಳೆಯಿತು. ಸ್ಪರ್ಧೆಯ ಕುತೂಹಲ ಉಳಿಸಲು ಸಂಘಟಕರು ಎರಡನೆಯ ಸ್ಥಾನದ ಬಹುಮಾನವನ್ನು ಹೆಚ್ಚಿಸಬೇಕಾಯಿತು. ಅದೇ ಟೂರ್‌ನಲ್ಲಿ ಕೊಪ್ಪಿ ಮತ್ತು ಬರ್ತಾಲಿ ಏರುದಾರಿಯಲ್ಲಿ ನೀರಿನ ಶೀಸೆಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿರುವ ಛಾಯಾಚಿತ್ರ ಜಗತ್ಪ್ರಸಿದ್ಧವಾಯಿತು. ಕೊಟ್ಟವರು ಯಾರು, ಪಡೆದವರು ಯಾರು ಎಂಬ ಚರ್ಚೆ ಇಟಲಿಯಲ್ಲಿ ಬಹುಕಾಲ ನಡೆಯಿತು.

೧೯೫೩ರ ಜೀರೊದಲ್ಲಿ ಸ್ವಿಟ್ಜರ್ಲೆಂಡಿನ ಹ್ಯೂಗೊ ಕೊಬ್ಲೆಟ್ ಮುಂದಿದ್ದರು. ಆ ವರ್ಷ ಮೊದಲ ಬಾರಿಗೆ ಸೇರಿಸಿದ ಸ್ತೆಲ್ವಿಯೊ ಏರಿನಲ್ಲಿ, ಹಿಮಗೋಡೆಗಳ ನಡುವೆ, ಕೊಪ್ಪಿ ಅವರನ್ನು ಹಿಂದಿಕ್ಕಿ ಐದನೆಯ ಬಾರಿಗೆ ಜಯಶಾಲಿಯಾದರು. ಅದೇ ವರ್ಷ ಲುಗಾನೊದಲ್ಲಿ ವಿಶ್ವಚಾಂಪಿಯನ್ ಪಟ್ಟವನ್ನೂ ಪಡೆದರು.

ವೈಯಕ್ತಿಕ ಜೀವನದ ಬಿಕ್ಕಟ್ಟು

ವೈದ್ಯರೊಬ್ಬರ ಪತ್ನಿಯಾಗಿದ್ದ ಜೂಲಿಯಾ ಒಕ್ಕೀನಿ ಅವರೊಂದಿಗಿನ ಕೊಪ್ಪಿಯವರ ಸಂಬಂಧ ೧೯೫೪ರಲ್ಲಿ ಬಹಿರಂಗವಾಯಿತು. ಪತ್ರಿಕೆಗಳು ಆಕೆಯನ್ನು 'ಶ್ವೇತವಸನೆ' ಎಂಬರ್ಥದ ಹೆಸರಿನಿಂದ ಕರೆದವು. ಆಗ ಇಟಲಿಯಲ್ಲಿ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ವ್ಯಭಿಚಾರ ಶಿಕ್ಷಾರ್ಹ ಅಪರಾಧವಾಗಿತ್ತು. ಜೂಲಿಯಾ ಕೆಲವು ದಿನ ಸೆರೆಮನೆಯಲ್ಲಿರಬೇಕಾಯಿತು. ೧೯೫೫ರಲ್ಲಿ ನ್ಯಾಯಾಲಯ ಇಬ್ಬರಿಗೂ ಶಿಕ್ಷೆ ವಿಧಿಸಿ ಅದರ ಜಾರಿಯನ್ನು ಅಮಾನತಿನಲ್ಲಿಟ್ಟಿತು. ಅದೇ ವರ್ಷ ಅವರ ಮಗ ಫೌಸ್ತಿನೊ ಅರ್ಜೆಂಟೀನಾದಲ್ಲಿ ಜನಿಸಿದನು. ನಿನ್ನೆಯವರೆಗೆ ಹೂಮಳೆ ಸುರಿಸಿದ್ದ ಜನರಲ್ಲಿ ಅನೇಕರು ದೂರವಾದರು. ಇಟಲಿಯಲ್ಲಿ ವಿಚ್ಛೇದನ ಕಾನೂನುಬದ್ಧವಾದದ್ದು ೧೯೭೦ರಲ್ಲಿ.

ಇದೇ ವರ್ಷಗಳಲ್ಲಿ ಅವರ ದೇಹಶಕ್ತಿಯೂ ಕುಂದುತ್ತ ಬಂತು. ೧೯೫೫ರ ಜೀರೊವನ್ನು ಕೇವಲ ೧೩ ಸೆಕೆಂಡುಗಳಿಂದ ಫಿಯೊರೆಂಜೊ ಮಾನ್ಯಿ ಅವರಿಗೆ ಸೋತರು. ಆ ಕಾಲದ ಅನೇಕರಂತೆ ತಾವೂ ಉತ್ತೇಜಕ ಔಷಧಗಳನ್ನು ಬಳಸಿದ್ದನ್ನು ಕೊಪ್ಪಿ ಬಚ್ಚಿಡಲಿಲ್ಲ. ಆಗ ಅವುಗಳಿಗೆ ನಿಷೇಧವಿರಲಿಲ್ಲ.

ಮರಣ

೧೯೫೯ರ ಡಿಸೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾ (ಇಂದಿನ ಬುರ್ಕಿನಾ ಫಾಸೊ) ದೇಶದ ಆಹ್ವಾನದ ಮೇರೆಗೆ ಕೊಪ್ಪಿ, ಆಂಕೆತಿಲ್, ರಫಾಯೆಲ್ ಜೆಮಿನಿಯಾನಿ ಮೊದಲಾದವರು ಪ್ರದರ್ಶನ ಸ್ಪರ್ಧೆ ಮತ್ತು ಬೇಟೆಗೆಂದು ಹೋದರು. ಕೊಪ್ಪಿ ಮತ್ತು ಜೆಮಿನಿಯಾನಿ ಒಂದೇ ಕೋಣೆಯಲ್ಲಿ ತಂಗಿದ್ದರು. ಅಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಊರಿಗೆ ಮರಳಿದ ಮೇಲೆ ಇಬ್ಬರಿಗೂ ತೀವ್ರ ಜ್ವರ ಬಂತು. ಫ್ರಾನ್ಸಿನಲ್ಲಿ ಜೆಮಿನಿಯಾನಿಯವರ ರಕ್ತಪರೀಕ್ಷೆಯಿಂದ ಮಾರಕ ಬಗೆಯ ಮಲೇರಿಯಾ ಪತ್ತೆಯಾಯಿತು. ಕ್ವಿನೈನ್ ಚಿಕಿತ್ಸೆಯಿಂದ ಅವರು ಬದುಕುಳಿದರು. ಇಟಲಿಯಲ್ಲಿ ಕೊಪ್ಪಿಯವರದು ಶ್ವಾಸಕೋಶಕ್ಕೆ ಸಂಬಂಧಿಸಿದ ಜ್ವರವೆಂದು ಭಾವಿಸಿ ಚಿಕಿತ್ಸೆ ನೀಡಲಾಯಿತು. ಸಕಾಲಕ್ಕೆ ಕ್ವಿನೈನ್ ದೊರೆಯಲಿಲ್ಲ. ೧೯೬೦ರ ಜನವರಿ ೨ರ ಬೆಳಿಗ್ಗೆ ತೊರ್ತೊನಾ ಪಟ್ಟಣದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ ವಿಷವಿಕ್ಕಲಾಯಿತೆಂಬ ವದಂತಿ ಬಹುಕಾಲದ ಅನಂತರ ಹುಟ್ಟಿಕೊಂಡು ತನಿಖೆಯಾಯಿತಾದರೂ ಅದಕ್ಕೆ ಆಧಾರ ಸಿಗಲಿಲ್ಲ.

ಸ್ಮರಣೆ

ಕಸ್ತೆಲ್ಲಾನಿಯಾದಲ್ಲಿ ಕೊಪ್ಪಿ ಮತ್ತು ಸೆರ್ಸೆ ಸೋದರರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ೧೯೬೫ರಿಂದ ಪ್ರತಿವರ್ಷ ಜೀರೊದ ಅತ್ಯುನ್ನತ ಏರನ್ನು 'ಚೀಮಾ ಕೊಪ್ಪಿ' (ಕೊಪ್ಪಿ ಶಿಖರ) ಎಂದು ಕರೆಯಲಾಗುತ್ತಿದ್ದು, ಅದನ್ನು ಮೊದಲು ದಾಟುವವರಿಗೆ ವಿಶೇಷ ಬಹುಮಾನವಿದೆ. ಇಜೊಆರ್ ಕಣಿವೆದಾರಿಯಲ್ಲಿ ಕೊಪ್ಪಿ ಮತ್ತು ಲೂಯಿಸೋನ್ ಬೊಬೆ ಅವರ ಸ್ಮಾರಕ ಫಲಕಗಳಿವೆ. ಅವರ ಜನ್ಮಶತಮಾನೋತ್ಸವದ ವರ್ಷವಾದ ೨೦೧೯ರಲ್ಲಿ ಹುಟ್ಟೂರಿಗೆ 'ಕಸ್ತೆಲ್ಲಾನಿಯಾ ಕೊಪ್ಪಿ' ಎಂದು ಅಧಿಕೃತವಾಗಿ ಮರುನಾಮಕರಣ ಮಾಡಲಾಯಿತು.