ಬರಿಗಾಲಿನ ಅಹ್ಮದ್ ಖಾನ್

ನಾನು ಕಾಪುವಿನವನು. ಬೀಚಿನ ಹೊಯ್ಗೆಯಲ್ಲಿ ಬರಿಗಾಲಲ್ಲೇ ಫುಟ್ಬಾಲ್ ಆಡಿ ಬೆಳೆದದ್ದು. ಮಣಿಪಾಲಕ್ಕೆ ಬಂದ ಮೇಲೆ ಮಾತ್ರ ಸ್ಟಡ್ಸ್ ಇಲ್ಲದೆ ಗ್ರೌಂಡಿಗೆ ಇಳಿಯೋದಂದ್ರೆ ನಾಚಿಕೆ. ನನ್ನ ರೂಮ್‌ಮೇಟ್ ಕಾರ್ಕಳದವನು, ಇನಿಯೆಸ್ಟಾ ಅಂದ್ರೆ ಅವನಿಗೆ ಪ್ರಾಣ. 2010ರ ವರ್ಲ್ಡ್ ಕಪ್ ಫೈನಲ್‌ನ 116ನೇ ನಿಮಿಷದ ಗೋಲು ಅವನಿಗೆ ಬಾಯಿಪಾಠ. ನಮ್ಮ ಕರ್ನಾಟಕದಲ್ಲಿ ಅಂಥ ಆಟಗಾರ ಯಾರಾದ್ರೂ ಇದ್ರಾ ಮಾರಾಯ ಅಂತ ಒಂದು ರಾತ್ರಿ ಕೇಳಿದೆ. ಇಬ್ಬರಿಗೂ ಒಂದು ಹೆಸರು ಹೊಳೆಯಲಿಲ್ಲ. ಹುಡುಕಿದಾಗ ಸಿಕ್ಕಿದವರು ಅಹ್ಮದ್ ಖಾನ್.

ಅವರು ಹುಟ್ಟಿದ್ದು 1926ರ ಡಿಸೆಂಬರ್‌ನಲ್ಲಿ, ಬೆಂಗಳೂರಲ್ಲಿ. ಆಗ ಬೆಂಗಳೂರು ಫುಟ್ಬಾಲ್‌ನ ದೊಡ್ಡ ಊರು. ಅಲ್ಲಿಯ ಬೆಂಗಳೂರು ಮುಸ್ಲಿಮ್ಸ್ ಟೀಮು 1937ರಲ್ಲೇ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಅಹ್ಮದ್ ಖಾನ್ ಬೆಳೆದದ್ದು ಈ ವಾತಾವರಣದಲ್ಲಿ. ಅವರ ಜಾಗ ಇನ್‌ಸೈಡ್ ಲೆಫ್ಟ್. ಆಗಿನ ಟೀಮುಗಳಲ್ಲಿ ಮುಂದೆ ಐದು ಜನ ಇರ್ತಿದ್ರು. ಅವರಲ್ಲಿ ಇಬ್ಬರು ಸ್ವಲ್ಪ ಹಿಂದೆ ಬಂದು ಬಾಲ್ ತಗೊಂಡು, ಡ್ರಿಬಲ್ ಮಾಡಿ, ಮುಂದಿನವರಿಗೆ ಕೊಡಬೇಕು. ಇವತ್ತಿನ ಲೆಕ್ಕದಲ್ಲಿ ಅಟ್ಯಾಕಿಂಗ್ ಮಿಡ್‌ಫೀಲ್ಡರ್ ಅನ್ನಬಹುದು. ಬಾಲ್ ಅವರ ಕಾಲು ಬಿಟ್ಟು ಹೋಗ್ತಿರಲಿಲ್ಲವಂತೆ, ಅದಕ್ಕೇ ಹಾವಾಡಿಗ ಅಂತ ಅಡ್ಡಹೆಸರು.

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತದ ಫುಟ್ಬಾಲ್ ಟೀಮಿಗೆ ಮೊದಲನೇದು. ಅಹ್ಮದ್ ಖಾನ್ ಮತ್ತು ಟೀಮಿನ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಎದುರಾಳಿ ಫ್ರಾನ್ಸ್. ನಮ್ಮವರು ಎರಡು ಪೆನಾಲ್ಟಿ ಕಳಕೊಂಡ್ರು, ಆದ್ರೂ ಬೆಂಗಳೂರಿನವರೇ ಆದ ಎಸ್. ರಾಮನ್ ಗೋಲು ಹೊಡೆದು 1-1 ಮಾಡಿದ್ರು. ಕೊನೆಯಲ್ಲಿ ಫ್ರಾನ್ಸ್ ಇನ್ನೊಂದು ಹಾಕಿ 2-1ರಲ್ಲಿ ಗೆದ್ದಿತು.

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ್ರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್, ಈ ಐವರ ಫಾರ್ವರ್ಡ್ ಲೈನಿಗೆ ಜನ ಇಟ್ಟ ಹೆಸರು ಪಂಚಪಾಂಡವರು. ಐದರಲ್ಲಿ ಒಬ್ಬರೂ ಬಂಗಾಳದವರಲ್ಲ! 1949ರಲ್ಲಿ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಅವರದ್ದೇ. ಶೀಲ್ಡ್ ಅಂತೂ 1951ರವರೆಗೆ ಸತತ ಮೂರು ಸಲ.

ಈಗ ಬೇಜಾರಿನ ವಿಷಯ. 1950ರ ಬ್ರೆಜಿಲ್ ವರ್ಲ್ಡ್ ಕಪ್‌ಗೆ ಭಾರತಕ್ಕೆ ಜಾಗ ಸಿಕ್ಕಿತ್ತು. ನಮ್ಮ ಗುಂಪಿನ ಬೇರೆ ದೇಶಗಳು ಹಿಂದೆ ಸರಿದಿದ್ದವು. ಆದರೆ ನಮ್ಮ ಟೀಮು ಹೋಗಲೇ ಇಲ್ಲ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ, ಅದಕ್ಕೆ ಹೋಗಲಿಲ್ಲ ಅನ್ನೋ ಕತೆ ನಾವೆಲ್ಲ ವಾಟ್ಸಾಪಲ್ಲಿ ಓದಿದ್ದೇವೆ. ಆದರೆ ಆಗಿನ ಕ್ಯಾಪ್ಟನ್ ಶೈಲೇನ್ ಮನ್ನಾ ಅವರೇ ಆಮೇಲೆ ಅದನ್ನು ಒಪ್ಪಲಿಲ್ಲ. ಫೆಡರೇಶನ್‌ಗೆ ಒಲಿಂಪಿಕ್ಸ್ ಮುಖ್ಯ, ವರ್ಲ್ಡ್ ಕಪ್ಪಿನ ಬೆಲೆ ಗೊತ್ತಿರಲಿಲ್ಲ. ಆಗ ಅಹ್ಮದ್ ಖಾನ್‌ಗೆ 23 ವರ್ಷ. ಆ ಅವಕಾಶ ಮತ್ತೆ ಬರಲಿಲ್ಲ, ಅವರಿಗೂ, ಇವತ್ತಿನವರೆಗೆ ಭಾರತಕ್ಕೂ.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಆ ಟೀಮಲ್ಲೂ ಅಹ್ಮದ್ ಖಾನ್ ಇದ್ರು. ಅದರ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿ ಊರು, ಮತ್ತೆ ಹೆಚ್ಚಿನವರದ್ದು ಬರಿಗಾಲು, ಎದುರಿಗೆ ಯುಗೋಸ್ಲಾವಿಯಾ. ಸ್ಕೋರು 10-1. ಆ ಒಂದು ಗೋಲು, ಮ್ಯಾಚ್ ಮುಗಿಯೋಕೆ ಸ್ವಲ್ಪ ಮುಂಚೆ, ಅಹ್ಮದ್ ಖಾನ್ ಅವರದ್ದು. ನಾವು ಇಂಟರ್‌ಬ್ರಾಂಚ್ ಮ್ಯಾಚಲ್ಲಿ ಮೂರು ಗೋಲು ತಿಂದ್ರೆ ಕೈಚೆಲ್ಲಿ ನಿಲ್ತೇವೆ. ಇವರು ಅಷ್ಟು ತಿಂದ ಮೇಲೂ ಓಡ್ತಾ ಇದ್ರು.

ಆ ಸೋಲಿನ ನಂತರ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. 1956ರ ಒಲಿಂಪಿಕ್ಸ್‌ನಲ್ಲಿ ಬೂಟು ಹಾಕಿ ಆಡಿದ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು, ಆ ಟೀಮಲ್ಲಿ ಇವರಿಲ್ಲ. ಈಸ್ಟ್ ಬೆಂಗಾಲ್‌ಗೆ ಸುಮಾರು ಹತ್ತು ವರ್ಷ ಆಡಿ ನಿಲ್ಲಿಸಿದ್ರು. ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ, ಅಷ್ಟರಲ್ಲಿ ಇವರ ಆಟದ ಕಾಲ ಮುಗಿದಿತ್ತು.

2017ರ ಆಗಸ್ಟ್ 27ಕ್ಕೆ ಬೆಂಗಳೂರಲ್ಲಿ ತೀರಿಕೊಂಡ್ರು, 90 ವರ್ಷ. ಆಗ ನಾನು ಆರನೇ ಕ್ಲಾಸು. ಸುದ್ದಿ ಗೊತ್ತೇ ಆಗಲಿಲ್ಲ. ನಮ್ಮದೇ ರಾಜ್ಯದ ಒಲಿಂಪಿಕ್ಸ್ ಗೋಲುಗಾರ ಅದೇ ಬೆಂಗಳೂರಲ್ಲಿ ಅಷ್ಟು ವರ್ಷ ಇದ್ರು, ನಾವು ಮಾತ್ರ ಸ್ಪೇನಿನವರ ಹೆಸರು ಬೆನ್ನಿಗೆ ಹಾಕಿಕೊಂಡು ಓಡಾಡ್ತಿದ್ದೆವು. ಇನಿಯೆಸ್ಟಾ ಮೇಲೆ ಸಿಟ್ಟಿಲ್ಲ, ಅವರ ಆಟ ಈಗಲೂ ಇಷ್ಟವೇ. ಸಿಟ್ಟು ನಮ್ಮ ಮೇಲೆ.

ಮೊನ್ನೆ ಮಳೆ ನಿಂತ ಮೇಲೆ ನಾವಿಬ್ಬರೂ ಶೂ ಬಿಚ್ಚಿಟ್ಟು ಕಾಲೇಜ್ ಗ್ರೌಂಡಲ್ಲಿ ಆಡಿ ನೋಡಿದೆವು. ಹೊಯ್ಗೆ ಬೇರೆ, ಈ ಗ್ರೌಂಡೇ ಬೇರೆ. ಹತ್ತು ನಿಮಿಷಕ್ಕೆ ರೂಮ್‌ಮೇಟಿನ ಹೆಬ್ಬೆರಳು ಮುರಕಲ್ಲಿನ ಚೂರಿಗೆ ತಾಗಿ ರಕ್ತ ಬಂತು. ಕುಂಟುತ್ತಾ ಹಾಸ್ಟೆಲ್ ಕಡೆ ನಡೆಯುವಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ಹೆಲ್ಸಿಂಕಿಯ ಗೋಲಿನ ವಿಡಿಯೋ ಎಲ್ಲಾದರೂ ಉಂಟಾ ಅಂತ. ಇನ್ನೂ ಹುಡುಕ್ತಾ ಇದ್ದೇವೆ. ನಿಮಗೆ ಸಿಕ್ಕಿದ್ರೆ ಕಳಿಸಿ.